ಒಬೇ, ಅಬೈಡ್ ಮತ್ತು ಮೂರನೇ ಮಹಡಿಯ ಕಂಬಿ

ಮಾತು ಕೊಟ್ಟು ಕೆಟ್ಟವರು ಲೋಕದಲ್ಲಿ ಬಹಳ ಜನ. ಮಾತೇ ಕೊಡದೆ ಬಚಾವಾದವರೂ ಇದ್ದಾರೆ. ಆದರೆ ಸಿಕ್ಕಿದವರಿಗೆಲ್ಲ ಮಾತು ಕೊಡುತ್ತಾ ಹೋಗಿ, ಒಂದನ್ನೂ ಉಳಿಸಿಕೊಳ್ಳದೆ, ಆದರೂ ಎಲ್ಲರ ಬಾಯಲ್ಲಿ ‘ಪಾಪ, ಒಳ್ಳೆ ಮನುಷ್ಯ’ ಎನಿಸಿಕೊಂಡವರು ನಮ್ಮ ಕನ್ನಡಕದವರೊಬ್ಬರೇ.

ಅವರ ಕೆಲಸ ಕನ್ನಡಕದ ಅಂಗಡಿಯ ಕೌಂಟರಿನಲ್ಲಿ. ಬಂದವರನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಒಂದು ಕಣ್ಣು ಮುಚ್ಚಿಸಿ, ಎದುರು ಗೋಡೆಯ ಚಾರ್ಟಿನಲ್ಲಿರುವ ಇಂಗ್ಲಿಷ್ ಅಕ್ಷರಗಳನ್ನು ಮೇಲಿನ ದೊಡ್ಡದರಿಂದ ಕೆಳಗಿನ ಚಿಕ್ಕದರವರೆಗೆ ಓದಿಸುವುದು. ಕೊನೆಯ ಸಾಲು ಕಾಣದವರಿಗೆ ಕನ್ನಡಕ ಬರೆಯುವುದು. ಗಾಜು ಮಾತ್ರ ಬೇರೆ ಊರಿನಲ್ಲಿ ಅರೆದು ಬರಬೇಕು. ಅದು ಯಾವತ್ತು ಬರುತ್ತದೆಂದು ಅರೆಯುವವನಿಗೂ ಗೊತ್ತಿರುತ್ತಿರಲಿಲ್ಲ. ಆದ್ದರಿಂದ ಗಿರಾಕಿಗಳಿಗೆ ಹೇಳಲು ಅಂಗಡಿಯಲ್ಲಿ ಒಂದು ಮಾತು ಪಳಗಿಹೋಗಿತ್ತು: “ಸೋಮವಾರ ಬನ್ನಿ, ರೆಡಿ ಇರುತ್ತೆ.” ಯಾವ ಸೋಮವಾರ ಎಂದು ಹೇಳುತ್ತಿರಲಿಲ್ಲ. ಮೊಮ್ಮಗನ ಮದುವೆಯ ಕರೆಯೋಲೆ ಓದಬೇಕೆಂದು ಕನ್ನಡಕಕ್ಕೆ ಹೇಳಿಹೋದ ಒಬ್ಬ ಅಜ್ಜ, ಅದು ಕೈಸೇರಿದ ಮೇಲೆ ಮೊದಲು ಓದಿದ್ದು ಮರಿಮಗಳ ಅಂಕಪಟ್ಟಿ ಎಂದು ಆ ರಸ್ತೆಯಲ್ಲಿ ಒಂದು ಕಥೆಯಿದೆ. ಸ್ವಲ್ಪ ಉತ್ಪ್ರೇಕ್ಷೆ ಇರಬಹುದು. ಬಹಳ ಇರಲಾರದು.

ಅಂಗಡಿಯ ಈ ಮಾತು ಮೆಲ್ಲಗೆ ಮನೆಗೂ ನಡೆದುಬಂದಿತ್ತು. ಸೋರುವ ನಲ್ಲಿ, ಕೈಕೊಟ್ಟ ಮಿಕ್ಸಿ, ಬಾಗಿಲ ಚಿಲಕ, ಎಲ್ಲಕ್ಕೂ ಅವರದು ಒಂದೇ ಉತ್ತರ.

“ಸೋಮವಾರ ಮಾಡಿಸ್ತೀನಿ ಕಣೇ.”

“ಯಾವ ಸೋಮವಾರ?” ಎಂದು ಹೆಂಡತಿ ಕೇಳುತ್ತಿದ್ದರು.

“ಬರೋ ಸೋಮವಾರ.”

“ಸೋಮವಾರ ಬರ್ತಾನೇ ಇರುತ್ತೆ. ನೀವು ಬರಲ್ಲ.”

ಇಷ್ಟರಲ್ಲೇ ಮುಗಿದಿದ್ದರೆ ಇದು ಎಲ್ಲರ ಮನೆಯ ದೋಸೆ ತೂತು ಎಂದು ಬಿಟ್ಟುಬಿಡಬಹುದಿತ್ತು. ಆದರೆ ಮೆಟ್ಟಿಲಿನ ವಿಷಯ ಹಾಗಿರಲಿಲ್ಲ.

ಅವರಿದ್ದದ್ದು ಮೂರನೇ ಮಹಡಿಯಲ್ಲಿ. ಕಟ್ಟಡಕ್ಕೆ ಲಿಫ್ಟಿಲ್ಲ. ಮೆಟ್ಟಿಲ ಪಕ್ಕದ ಕಂಬಿ ಎರಡನೇ ಮಹಡಿಯವರೆಗೆ ಚೆನ್ನಾಗಿ ಹತ್ತಿಬಂದು ಅಲ್ಲಿಗೆ ನಿಂತುಬಿಟ್ಟಿತ್ತು. ಕಟ್ಟಿಸಿದವನಿಗೆ ಪೈಪು ಮುಗಿದಿತ್ತೋ ಉತ್ಸಾಹ ಮುಗಿದಿತ್ತೋ ತಿಳಿಯದು. ಅಲ್ಲಿಂದ ಮೇಲೆ ಒಂದು ಕಡೆ ನುಣುಪು ಗೋಡೆ, ಇನ್ನೊಂದು ಕಡೆ ಬರೀ ಗಾಳಿ. ಕನ್ನಡಕದವರ ಹೆಂಡತಿ ಒಂದು ದಿನ ಅಲ್ಲೇ ಜಾರಿ ಮಂಡಿ ತಿರುಚಿಕೊಂಡರು. ಮಂಡಿ ಅರ್ಧ ವಾಸಿಯಾಯಿತು, ಹೆದರಿಕೆ ಪೂರ್ತಿ ಉಳಿಯಿತು. ಗಂಡನ ಹೆಗಲು ಹಿಡಿದು ಇಳಿಯಲು ಒಮ್ಮೆ ನೋಡಿದ್ದೂ ಆಯಿತು. ಮೂರನೇ ಮೆಟ್ಟಿಲಿಗೆ ಹೆಗಲೇ ಜಾರಿ, ಕೊನೆಗೆ ಆಕೆಯೇ ಅವರನ್ನು ಕಾಲರು ಹಿಡಿದು ಮೇಲೆಳೆಯಬೇಕಾಯಿತು. ಅಂದಿನಿಂದ ಆಕೆಗೆ ಲೋಕವೆಂದರೆ ಅಡುಗೆಮನೆಯ ಕಿಟಕಿಯಿಂದ ಕಾಣುವ ಗೇಟು ಮತ್ತು ಅರ್ಧ ರಸ್ತೆ.

ಇಷ್ಟಕ್ಕೂ ಆಕೆ ಸುಮ್ಮನಿದ್ದರು. ಆದರೆ ಎರಡು ರಸ್ತೆ ಆಚೆ ಇರುವ ಮಗಳು ಚೊಚ್ಚಲ ಬಸುರಿ. ಅವಳು ಫೋನಿನಲ್ಲಿ ಅಳುತ್ತಾ ಹೇಳಿಬಿಟ್ಟಳು: “ಅಮ್ಮಾ, ಆ ಹೊತ್ತಿಗೆ ನೀನು ನನ್ನ ಪಕ್ಕದಲ್ಲಿ ಇರ್ಲೇಬೇಕು. ನೀನು ಬರ್ದಿದ್ರೆ ನಾನು ಹೆರಿಗೆ ಕೋಣೆ ಒಳಗೆ ಹೋಗೋದೇ ಇಲ್ಲ.”

ಫೋನಿಟ್ಟು ಆಕೆ ಗಂಡನ ಮುಂದೆ ಬಂದು ಕೂತರು. “ನೋಡಿ, ನಲ್ಲಿ ಸೋರ್ಲಿ, ಮಿಕ್ಸಿ ಹಾಳಾಗ್ಲಿ. ಮಗಳ ಹೆರಿಗೆಗೆ ಮುಂಚೆ ಆ ಮೆಟ್ಟಿಲಿಗೆ ಕಂಬಿ ಬರ್ಬೇಕು. ಮಾತು ಕೊಡಿ.”

“ಕೊಟ್ಟೆ,” ಎಂದರು ಕನ್ನಡಕದವರು. ಕೊಡುವುದರಲ್ಲಿ ಅವರು ಕರ್ಣ.

ಮೆಟ್ಟಿಲು ಎಲ್ಲರದ್ದಾದ್ದರಿಂದ ಅದಕ್ಕೆ ನಿವಾಸಿಗಳ ಸಂಘದ ಒಪ್ಪಿಗೆ ಬೇಕಿತ್ತು. ಸಂಘದ ಹಳೇ ಕಾರ್ಯದರ್ಶಿ ಮನೆ ಖಾಲಿಮಾಡಿ ಹೋಗಿ, ಆ ಕುರ್ಚಿಗೆ ಯಾರೂ ಕೈಹಾಕದೆ ಧೂಳು ಹಿಡಿದಿತ್ತು. “ನೀವೇ ಆಗ್ಬಿಡಿ,” ಎಂದು ಹೆಂಡತಿ ದೂಡಿದರು. ಅವರು ಕೈಯೆತ್ತಿದರು, ಉಳಿದವರು ಚಪ್ಪಾಳೆ ತಟ್ಟಿದರು, ಅಲ್ಲಿಗೆ ಚುನಾವಣೆ ಮುಗಿಯಿತು. ಕಂಬಿಗೆ ಒಪ್ಪಿಗೆಯೂ ಸಿಕ್ಕಿತು. ವೆಲ್ಡಿಂಗ್‌ನವನು ಬಂದು ಮೆಟ್ಟಿಲು ಅಳೆದುಕೊಂಡು ಹೋದ. ಮರುದಿನವೇ ಪೈಪುಗಳನ್ನು ತಂದು ಗೇಟಿನ ಪಕ್ಕ ಒರಗಿಸಿದ. ಮೇಲೆ ಕಿಟಕಿಯಲ್ಲಿ ನಿಂತು ನೋಡುತ್ತಿದ್ದ ಹೆಂಡತಿಗೆ, ಮದುವೆಯಾದ ಮೇಲೆ ಮೊದಲ ಸಲ, ಗಂಡನ ಮೇಲೆ ಒಂದು ತರದ ಗೌರವ ಹುಟ್ಟಿತು.

ಅದು ಬದುಕಿದ್ದು ಅರ್ಧ ಗಂಟೆ.

ಆಗಲೇ ಕೆಳಗಿನ ಮನೆಯ ಹಲ್ಲಿನ ಡಾಕ್ಟರು ತಮ್ಮ ಕ್ಲಿನಿಕ್ಕಿನ ಬಾಗಿಲು ತೆಗೆಯುತ್ತಾ ಒಂದು ಮಾತು ಎಸೆದರು. “ಏನ್ರೀ ಕಾರ್ಯದರ್ಶಿಗಳೇ, ಎದುರು ಬಿಲ್ಡಿಂಗ್ ನೋಡಿದ್ರಾ? ಇಂಗ್ಲಿಷ್‌ನಲ್ಲಿ ರೂಲ್ಸ್ ಬೋರ್ಡ್ ಹಾಕ್ಸಿದಾರೆ. ಕಾರ್ಯದರ್ಶಿ ಅಂದ್ರೆ ಹಾಗಿರ್ಬೇಕು.”

ಕನ್ನಡಕದವರು ರಸ್ತೆ ದಾಟಿ ಹೋಗಿ ನೋಡಿದರು. ಬೋರ್ಡು ಹೌದು. ಇಂಗ್ಲಿಷೂ ಹೌದು. ಅವರ ಎದೆಯೊಳಗೆ ಏನೋ ಎದ್ದುನಿಂತಿತು. ದಿನಾ ನೂರಾರು ಸಲ ಇಂಗ್ಲಿಷ್ ಅಕ್ಷರ ಓದಿಸುವವರು ತಾವು! ಅಕ್ಷರಗಳು ಅಲ್ಲಿ ಪದಗಳಾಗಿ ಕೂಡಿಕೊಳ್ಳುತ್ತಿರಲಿಲ್ಲ ಎಂಬುದು ಬೇರೆ ಮಾತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆ ಅವರಿಗೆ ಗೊತ್ತಿತ್ತು, ಆದರೆ ಗಾದೆಗಳು ಯಾವಾಗಲೂ ಪಕ್ಕದ ಮನೆಯವರಿಗೆ ಹೇಳಿದ್ದಲ್ಲವೇ.

ಅವರು ವೆಲ್ಡಿಂಗ್‌ನವನ ಕಡೆ ತಿರುಗಿದರು. “ಈ ಪೈಪಲ್ಲಿ ಒಂದು ಬೋರ್ಡಿಗೆ ಚೌಕಟ್ಟು ಆಗುತ್ತೇನಪ್ಪಾ?”

“ಪೈಪು ಏನ್ ಬೇಕಾದ್ರೂ ಆಗುತ್ತೆ ಸಾರ್. ಕಂಬಿ?”

“ಕಂಬಿ ಸೋಮವಾರ.”

ಮೇಲಿನ ಕಿಟಕಿ ಧಡ್ಡೆಂದು ಮುಚ್ಚಿಕೊಂಡಿತು.

ಆ ಸಂಜೆ ಅಂಗಡಿಯಲ್ಲಿ ಕನ್ನಡಕದವರು ಗಿರಾಕಿಗಳನ್ನು ಕೂರಿಸಿಟ್ಟು ನಿಘಂಟು ತೆರೆದರು. ‘ನಿಯಮ ಪಾಲಿಸು, ಮಾತಿಗೆ ನಿಲ್ಲು’ ಎಂಬುದಕ್ಕೆ ಇಂಗ್ಲಿಷಿನಲ್ಲಿ ಒಂದು ಪದ ಇರಬಹುದೆಂದು ಹುಡುಕಿದವರಿಗೆ ಒಂದು ಸಂಸಾರವೇ ಸಿಕ್ಕಿತು: ಒಬೇ, ಅಬೈಡ್, ಕಂಪ್ಲೈ, ಅಡ್ಹಿಯರ್, ಅಬ್ಸರ್ವ್, ಆನರ್. ಅವರಿಗೆ ಆಶ್ಚರ್ಯವಾಯಿತು. ಒಂದು ನಿಯಮವನ್ನು ಪಾಲಿಸಲು ಇಷ್ಟು ಪದ ಬೇಕಾದ ಜನ ಎಷ್ಟು ನಿಯಮ ಮುರಿದಿರಬೇಡ!

ಆದರೆ ಇಷ್ಟು ಪದ ಯಾಕೆ? ಕನ್ನಡಕದವರು ತಲೆಯೆತ್ತಿದರು. ಎದುರಿಗೆ ಗೋಡೆಯ ಮೇಲೆ ಚಾರ್ಟು ನೇತಾಡುತ್ತಿತ್ತು. ಮೇಲೆ ಒಂದೇ ಒಂದು ದೊಡ್ಡಕ್ಷರ, ಕೆಳಗೆ ಬರುತ್ತಾ ಬರುತ್ತಾ ಚಿಕ್ಕದು. ಆ ಕ್ಷಣ ಅವರಿಗೆ ಇಂಗ್ಲಿಷ್ ಭಾಷೆಯ ಮರ್ಮ ಹೊಳೆದುಹೋಯಿತು. ಈ ಪದಗಳೂ ಹಾಗೇ! ಒಬೇ ಎಂದರೆ ಎಲ್ಲಕ್ಕಿಂತ ಬಿಗಿ, ಮೀರಿದರೆ ತಲೆಹೋಗುವಂಥದ್ದು. ಅಬೈಡ್ ಅದಕ್ಕಿಂತ ಒಂದು ಕೈ ಕಡಿಮೆ. ಕಂಪ್ಲೈ ಮೂರನೇ ಸಾಲಿನದು, ಸಾಧ್ಯವಾದರೆ ಸರಿ ಎನ್ನುವಂಥದ್ದು. ಹೀಗೆ ಇಳಿಯುತ್ತಾ ಕೊನೆಯ ಸಾಲಿಗೆ ಬಂದರೆ ಅದು ಇದ್ದರೂ ಒಂದೇ ಬಿಟ್ಟರೂ ಒಂದೇ. ನಿಘಂಟಿನಲ್ಲಿ ಹಾಗೆಲ್ಲ ಏನೂ ಬರೆದಿರಲಿಲ್ಲ. ಬರೆದವನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡಿದ್ದಿರಲಾರ ಎಂದು ಅವರು ಕ್ಷಮಿಸಿಬಿಟ್ಟರು.

ಬೋರ್ಡು ಎದ್ದಿತು. ಹಳದಿ ತಗಡಿನ ಮೇಲೆ ಕಪ್ಪು ಅಕ್ಷರ, ದಪ್ಪ ಪೈಪಿನ ಚೌಕಟ್ಟು, ಆಳೆತ್ತರದ ಎರಡು ಕಾಲು. ರಸ್ತೆಯವರಿಗೆಲ್ಲ ಸರಿಯಾಗಿ ಕಾಣಲೆಂದು ಗೇಟಿನಿಂದ ಒಂದು ಹೆಜ್ಜೆ ಮುಂದಕ್ಕೆ, ಫುಟ್‌ಪಾತಿನ ಮೇಲೇ ನೆಡಿಸಿದರು. ಮೊದಲ ಸಾಲು ಮೊಳದುದ್ದದ ಅಕ್ಷರದಲ್ಲಿ: ಗೇಟಿನ ಎದುರು ವಾಹನ ನಿಲ್ಲಿಸಬಾರದು, ಒಬೇ. ಎರಡನೆಯದು ಗೇಣುದ್ದ: ಮೆಟ್ಟಿಲಿನ ಮೇಲೆ ನಾಯಿ ಬಿಡಬಾರದು, ಅಬೈಡ್. ಮೂರನೆಯದು ನೀರಿನ ಮೋಟರಿಗೆ ಕಂಪ್ಲೈ, ನಾಲ್ಕನೆಯದು ಕಸದ ಬುಟ್ಟಿಗೆ ಅಡ್ಹಿಯರ್, ಐದನೆಯದು ಮಧ್ಯಾಹ್ನದ ಮೌನಕ್ಕೆ ಅಬ್ಸರ್ವ್. ಇಷ್ಟರಲ್ಲಿ ತಗಡು ಮುಗಿದಿತ್ತು. ಆರನೇ ಪದ ಉಳಿದುಹೋಯಿತಲ್ಲ ಎಂದು, ಕೊಟ್ಟ ಮಾತಿಗೆ ನಿಲ್ಲಿ ಎಂಬರ್ಥ ಬರುವಂತೆ ‘ಆನರ್ ಯುವರ್ ವರ್ಡ್’ ಎಂದು ತಳದ ಮೂಲೆಯಲ್ಲಿ ಇರುವೆಸಾಲಿನಂತೆ ಬರೆಸಿದರು. ಅದು ಬೋರ್ಡು ಬರೆದವನನ್ನು ಬಿಟ್ಟು ಇನ್ನಾರಿಗೂ ಕಾಣಿಸಲಿಲ್ಲ. ಕನ್ನಡಕದವರಿಗೂ ಆಮೇಲೆ ಮರೆತುಹೋಯಿತು.

ಮೊದಲು ಸಿಡಿದವರು ಹಲ್ಲಿನ ಡಾಕ್ಟರು. ಗೇಟಿಗೆ ಅಡ್ಡವಾಗಿ ಕಾರು ನಿಲ್ಲಿಸುವುದು ಇಡೀ ಕಟ್ಟಡದಲ್ಲಿ ಅವರೊಬ್ಬರೇ.

“ಇದೇನ್ರೀ ಅನ್ಯಾಯ! ನನ್ನ ಸಾಲು ಮಾತ್ರ ಇಷ್ಟು ದಪ್ಪ? ಹಲ್ಲು ಕೀಳಿಸ್ಕೊಳ್ಳೋಕೆ ಬಂದೋರು ಬೋರ್ಡ್ ನೋಡಿ ವಾಪಸ್ ಹೋಗ್ತಿದಾರೆ. ಮೊದ್ಲೇ ಹೆದರಿರ್ತಾರೆ ಪಾಪ!”

“ಡಾಕ್ಟ್ರೇ, ಅದು ಮೊದಲನೇ ಸಾಲು. ಎಲ್ಲಕ್ಕಿಂತ ದೊಡ್ಡ ಪದ. ಯಾರಿಗಂದ್ರೆ ಅವರಿಗೆ ಒಬೇ ಕೊಡಕ್ಕಾಗುತ್ತಾ?” ಎಂದು ಕನ್ನಡಕದವರು ಸಮಾಧಾನ ಮಾಡಿದರು. ಮಾತು ಎರಡನೇ ಮಹಡಿಯ ವಕೀಲರ ಕಿವಿಗೆ ಬಿತ್ತು. ಅವರು ನಾಯಿಯನ್ನು ಕಂಕುಳಲ್ಲಿ ಇರುಕಿಕೊಂಡು ಇಳಿದುಬಂದರು.

“ಅಂದ್ರೆ ನನ್ನ ನಾಯಿ ಎರಡನೇ ದರ್ಜೇದು ಅಂತ ತಾನೇ ನಿಮ್ಮ ವಾದ?”

“ಅಯ್ಯೋ, ಹಾಗಲ್ಲ ವಕೀಲ್ರೇ, ಅಬೈಡ್ ಕೂಡ ಒಳ್ಳೇ ಪದಾನೇ.”

“ಕೋರ್ಟಲ್ಲಿ ಇಪ್ಪತ್ತು ವರ್ಷ ನಿಂತೋನು ನಾನು. ಹಲ್ಲು ಕೀಳೋರ ಕಾರಿಗಿಂತ ನನ್ನ ನಾಯಿ ಕಡಿಮೆಯಾ? ನನಗೂ ಒಬೇನೇ ಬೇಕು.”

ಅಲ್ಲಿಯವರೆಗೆ ಒಬೇಯನ್ನು ಬೈಯುತ್ತಿದ್ದ ಡಾಕ್ಟರು ತಟ್ಟನೆ ಎದೆಯುಬ್ಬಿಸಿದರು. “ಅದ್ಹೇಗೆ ಕೊಡ್ತಾರೆ? ಒಬೇ ನನ್ನದು.”

ಮೊದಲ ಮಹಡಿಯ ಟೀಚರಮ್ಮ ಈ ಗಲಾಟೆಗೆ ಕಿಟಕಿ ತೆರೆದರು. ನಿವೃತ್ತರಾದ ಇಂಗ್ಲಿಷ್ ಟೀಚರು. ಮಧ್ಯಾಹ್ನ ನಿದ್ದೆ ಮಾಡುವವರು ಇಡೀ ಕಟ್ಟಡದಲ್ಲಿ ಅವರೊಬ್ಬರೇ ಆದ್ದರಿಂದ ಐದನೇ ಸಾಲು ಅವರದೇ ಎಂದು ಎಲ್ಲರಿಗೂ ಗೊತ್ತಿತ್ತು. ಈ ಪದಗಳಲ್ಲಿ ಹೆಚ್ಚುಕಡಿಮೆ ಏನಿಲ್ಲ, ಒಂದೊಂದು ಒಂದೊಂದು ಜಾಗಕ್ಕೆ ಸಲ್ಲುತ್ತದೆ ಅಷ್ಟೇ ಎಂದು ಆಕೆಗೆ ಚೆನ್ನಾಗಿ ತಿಳಿದಿತ್ತು. ಹೇಳಿದ್ದರೆ ಜಗಳ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಐದನೇ ಸಾಲಿನ ಅಕ್ಷರದ ಗಾತ್ರ ನೋಡಿ ವಿದ್ಯೆಯೆಲ್ಲ ಮರೆತುಹೋಯಿತು.

“ಇಷ್ಟು ವರ್ಷ ಶಿಸ್ತು ಕಲಿಸ್ದವಳಿಗೆ ಕಡ್ಲೇಕಾಳಿನಷ್ಟು ಅಕ್ಷರಾನಾ? ನನ್ನ ಕ್ಲಾಸಲ್ಲಿ ಸೂಜಿ ಬಿದ್ರೆ ಕೇಳಿಸ್ತಿತ್ತು! ಮೇಲಕ್ಕೆ ಹಾಕಿ ನನ್ನ.”

ಹೀಗೆ ಒಂದು ವಾರದಲ್ಲಿ ಕಟ್ಟಡದ ಪ್ರತಿಯೊಂದು ಮನೆಗೂ ತನ್ನ ನಿಯಮವೇ ಎಲ್ಲಕ್ಕಿಂತ ಮೇಲಿರಬೇಕೆಂಬ ಹಟ ಹುಟ್ಟಿತು. ನಿಯಮ ಪಾಲಿಸುವ ಹಟ ಮಾತ್ರ ಯಾರಿಗೂ ಹುಟ್ಟಲಿಲ್ಲ. ಕಾರು ಗೇಟಿಗೆ ಅಡ್ಡವಾಗಿಯೇ ನಿಂತಿತ್ತು, ನಾಯಿ ಮೆಟ್ಟಿಲ ಮೇಲೆಯೇ ಮಲಗಿತ್ತು, ಮಧ್ಯಾಹ್ನದ ಮೌನಕ್ಕಾಗಿ ಟೀಚರಮ್ಮ ಮಧ್ಯಾಹ್ನವೆಲ್ಲ ಕೂಗಾಡುತ್ತಿದ್ದರು. ಕನ್ನಡಕದವರು ಸಂಜೆ ಅಂಗಡಿಯಿಂದ ಬಂದವರು ಮನೆಮನೆಗೆ ಹೋಗಿ, ಒಬ್ಬೊಬ್ಬರಿಗೂ ಗುಟ್ಟಾಗಿ ಒಂದೊಂದು ಮಾತು ಕೊಟ್ಟರು: “ನಿಮ್ಮನ್ನ ಮೊದಲ್ನೇ ಸಾಲಿಗೆ ಹಾಕಿಸ್ತೀನಿ. ಸೋಮವಾರ.”

ಮನೆಗೆ ಬಂದರೆ ಹೆಂಡತಿ ತಟ್ಟೆ ಕುಕ್ಕುತ್ತಿದ್ದರು. “ಮನೆಗೆ ಮಾರಿ, ಊರಿಗೆ ಉಪಕಾರಿ. ಮಗಳಿಗೆ ಕಾಲು ಊದ್ಕೊಂಡಿದೆಯಂತೆ. ಯಾವ ಗಳಿಗೇಲಾದ್ರೂ ಆಗ್ಬಹುದು ಅಂತ ಹೆರಿಗೆ ಡಾಕ್ಟ್ರು ಹೇಳಿದಾರೆ. ನನ್ನ ಕಂಬಿ ಎಲ್ಲಿ?”

“ಬೋರ್ಡಿನ ಗಲಾಟೆ ಮುಗೀಲಿ ಕಣೇ.”

“ನನ್ನ ಕಂಬಿ ಮೇಲೇ ಅಲ್ವಾ ಆ ಬೋರ್ಡು ನಿಂತಿರೋದು? ಅದು ಮುಗಿಯೋದು ಹೇಗೆ, ಇದು ಬರೋದು ಹೇಗೆ?”

ಕನ್ನಡಕದವರು ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡರು.

ಅಷ್ಟರಲ್ಲಿ ನಗರಸಭೆಯಿಂದ ಒಂದು ನೋಟಿಸು ಬಂತು, ಇಂಗ್ಲಿಷಿನಲ್ಲಿ. ನಿಮ್ಮ ಬೋರ್ಡು ಫುಟ್‌ಪಾತನ್ನು ಆಕ್ರಮಿಸಿದೆ, ವಾರದೊಳಗೆ ತೆರವು ಮಾಡಿ ಆದೇಶಕ್ಕೆ ‘ಕಂಪ್ಲೈ’ ಮಾಡತಕ್ಕದ್ದು ಎಂದು ಅದರ ಸಾರಾಂಶ. ಬೇರೆ ಯಾರಾದರೂ ಆಗಿದ್ದರೆ ಬೆವರುತ್ತಿದ್ದರು. ಕನ್ನಡಕದವರು ಓದಿ ನಿಟ್ಟುಸಿರುಬಿಟ್ಟು ನಕ್ಕರು. “ಕಂಪ್ಲೈ ತಾನೇ? ಮೂರನೇ ಸಾಲು. ಅರ್ಜೆಂಟೇನಿಲ್ಲ. ಸೀರಿಯಸ್ಸಾಗಿದ್ರೆ ಒಬೇ ಅಂತ ಬರೀತಿದ್ರು.” ನೋಟಿಸನ್ನು ಮಡಿಸಿ, ಕಾಲು ಕುಂಟುತ್ತಿದ್ದ ಮೇಜಿನ ಅಡಿಗೆ ಕೊಟ್ಟರು. ಮೇಜು ಮಾತ್ರ ಆವತ್ತಿನಿಂದ ಅಲುಗಾಡದೆ ನಿಯಮಬದ್ಧವಾಗಿ ನಿಂತಿತು.

ವಾರ ಕಳೆಯಿತು. ಶನಿವಾರ ಬೆಳಿಗ್ಗೆ ನಗರಸಭೆಯ ಅಧಿಕಾರಿ ಖುದ್ದಾಗಿ ಬಂದರು. ಬಂದವರು ಕತ್ತೆತ್ತಿ ಬೋರ್ಡು ನೋಡುತ್ತಾ ಒಂದು ಹೆಜ್ಜೆ ಮುಂದಿಟ್ಟು, ಅದರ ಕಾಲಿಗೆ ಎಡವಿ, ಡಾಕ್ಟರ ಕಾರಿನ ಮೇಲೆ ಒರಗಿದರು. ಅಂಗಡಿಗೆ ಹೊರಟಿದ್ದ ಕನ್ನಡಕದವರು ಎದುರಿಗೇ ಸಿಕ್ಕಿದರು.

“ಇಲ್ಲಿ ಕಾರ್ಯದರ್ಶಿ ಯಾರ್ರೀ?”

“ನಾನೇ ಸಾರ್. ನೋಟಿಸ್ ಬಂದಿದೆ. ಕಂಪ್ಲೈ ಅಂತ ಬರ್ದಿದ್ರಿ. ಅದು ಮೂರನೇ ಸಾಲಿಂದಾದ್ದರಿಂದ ನಿಧಾನಕ್ಕೆ ಮಾಡೋಣ ಅಂತ...”

“ಮೂರನೇ ಸಾಲಾ? ಯಾವ ಸಾಲ್ರೀ?”

ಕನ್ನಡಕದವರು ವಿನಯದಿಂದ ಬೋರ್ಡು ತೋರಿಸಿ ವಿವರಿಸಿದರು. ಒಬೇ ಎಂದರೆ ಎಷ್ಟು ಗಟ್ಟಿ, ಅಬೈಡ್ ಎಷ್ಟು, ಕಂಪ್ಲೈಗೆ ಎಷ್ಟು ದಿನ ತಡೆದರೆ ತಪ್ಪಿಲ್ಲ. ಅಧಿಕಾರಿ ಬಾಯಿ ತೆರೆದುಕೊಂಡು ಕೇಳಿದರು. ಅವರ ಹಿಂದೆ ನಿಂತ ಜವಾನ ಜೇಬಿನಿಂದ ಚೀಟಿ ತೆಗೆದು ಬರೆದುಕೊಳ್ಳತೊಡಗಿದ. ಕಚೇರಿಯಲ್ಲಿ ಉಪಯೋಗಕ್ಕೆ ಬರಬಹುದೆಂದು ಅವನ ಲೆಕ್ಕ.

“ರೀ ಸ್ವಾಮಿ,” ಎಂದರು ಅಧಿಕಾರಿ, ಉಸಿರು ಸಿಕ್ಕಿದ ಮೇಲೆ. “ಎಲ್ಲರೂ ರೂಲ್ಸ್ ಪಾಲಿಸಿ ಅಂತ ಬೋರ್ಡ್ ಹಾಕಿದೀರಲ್ಲ, ಆ ಬೋರ್ಡೇ ರೂಲ್ಸ್ ಮುರಿದು ನಿಂತಿದೆ, ಕಾಣಲ್ವಾ? ನಾಳೆ ಸಂಜೆ ಒಳಗೆ ಇದು ಇಲ್ಲಿರಬಾರ್ದು. ಇಲ್ದಿದ್ರೆ ಕಂಬಿ ಎಣಿಸ್ಬೇಕಾಗುತ್ತೆ, ನೋಡ್ಕೊಳ್ಳಿ!”

ಮೇಲಿನ ಕಿಟಕಿಯಿಂದ ಹೆಂಡತಿಯ ದನಿ ಬಂತು. “ಎಣಿಸೋಕೆ ಮೊದ್ಲು ಒಂದಾದ್ರೂ ಕಂಬಿ ಇರ್ಬೇಕಲ್ಲ ಸಾರ್!”

ಮರುದಿನ ಭಾನುವಾರ. ಬೋರ್ಡು ಬಿಚ್ಚಲು ವೆಲ್ಡಿಂಗ್‌ನವನಿಗೆ ಹೇಳಿ ಕಳಿಸಿ, ಕನ್ನಡಕದವರು ಡಾಕ್ಟರ ಕ್ಲಿನಿಕ್ಕಿನಲ್ಲಿ ಸಂಘದ ತುರ್ತುಸಭೆ ಕರೆದರು. ಬಿಚ್ಚಿದ ಬೋರ್ಡನ್ನು ಗೇಟಿನ ಒಳಗೆ ಮತ್ತೆ ನಿಲ್ಲಿಸುವಾಗ ಯಾರಿಗೆ ಯಾವ ಪದ ಎಂಬುದು ಇತ್ಯರ್ಥವಾಗಬೇಕಿತ್ತು. ರೋಗಿಗಳು ಕೂರುವ ಬೆಂಚುಗಳ ಮೇಲೆ ನಿವಾಸಿಗಳು ಕೂತರು. ಮೇಜಿನ ಮೇಲೆ ಪ್ಲಾಸ್ಟರಿನ ಹಲ್ಲುಸೆಟ್ಟೊಂದು ಎಲ್ಲರನ್ನೂ ನೋಡಿ ನಗುತ್ತಿತ್ತು. ಐದನೇ ಸಾಲಿಗೆ ಗೌರವ ಕೊಟ್ಟು ಎಲ್ಲರೂ ಫೋನಿನ ಸದ್ದು ಅಡಗಿಸಬೇಕೆಂದು ಟೀಚರಮ್ಮ ಅಪ್ಪಣೆ ಮಾಡಿದರು. ಅದನ್ನು ಪಾಲಿಸಿದವರು ಕನ್ನಡಕದವರೊಬ್ಬರೇ. ಇಡೀ ಕಥೆಯಲ್ಲಿ ಅವರು ಪಾಲಿಸಿದ ನಿಯಮ ಅದೊಂದೇ, ಅದೂ ಪಾಲಿಸಬಾರದಿದ್ದ ದಿನ.

“ಸಭೆ ಶುರುವಾಗೋಕೆ ಮುಂಚೆ ಒಂದು ಪ್ರಶ್ನೆ,” ಎಂದು ವಕೀಲರು ಎದ್ದರು. “ಕಾರ್ಯದರ್ಶಿಗಳು ಮೊದಲ್ನೇ ಸಾಲು ಕೊಡ್ತೀನಿ ಅಂತ ನನಗೆ ಮಾತು ಕೊಟ್ಟಿದಾರೆ. ಹೌದೋ ಅಲ್ಲವೋ?”

“ನಿಮಗೂ ಕೊಟ್ಟಿದಾರಾ?” ಎಂದರು ಟೀಚರಮ್ಮ.

“ಒಬೇ ನನ್ನ ಹತ್ರಾನೇ ಉಳಿಯುತ್ತೆ ಅಂತ ನನಗೆ ಹೇಳಿದಾರೆ!” ಡಾಕ್ಟರು ಮೇಜು ಗುದ್ದಿದರು. ಹಲ್ಲುಸೆಟ್ಟು ಎಗರಿ ಬಾಯಿ ಮುಚ್ಚಿಕೊಂಡಿತು.

ಎಲ್ಲರ ಕಣ್ಣೂ ಕನ್ನಡಕದವರ ಮೇಲೆ ನೆಟ್ಟಿತು. ಅತ್ತ ದರಿ, ಇತ್ತ ಪುಲಿ. ಅವರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡು ನೋಡಿದರೂ ಎಲ್ಲರೂ ಅಲ್ಲೇ ಇದ್ದರು. “ಎಲ್ಲರನ್ನೂ ಮೊದಲ್ನೇ ಸಾಲಿಗೆ ಹಾಕ್ಬಿಡೋಣ,” ಎಂದರು. ಹಾಗಾದರೆ ಮೊದಲನೇ ಸಾಲಿನಲ್ಲಿ ಮೊದಲು ಯಾರು ಎಂಬ ಪ್ರಶ್ನೆ ಎದ್ದಿತು. ಅದರ ಮೇಲೆ ಚರ್ಚೆ ಗಂಟೆಗಟ್ಟಲೆ ನಡೆಯಿತು.

ಜಗಳದ ನಡುವೆ ‘ಗುರ್ರ್’ ಎಂದು ಕೊರೆಯುವ ಸದ್ದು ಕೇಳತೊಡಗಿತು. ಆಮೇಲೆ ನಿಂತಿತು, ಮತ್ತೆ ಕೇಳಿತು. ಕ್ಲಿನಿಕ್ಕಿನಲ್ಲಿ ಅದು ದಿನಾ ಕೇಳುವ ಸದ್ದಾದ್ದರಿಂದ ಯಾರೂ ಗಮನ ಕೊಡಲಿಲ್ಲ. ಟೀಚರಮ್ಮ ಮಾತ್ರ ದವಡೆ ಹಿಡಿದುಕೊಂಡರು. ಬಹಳ ಹೊತ್ತಾದ ಮೇಲೆ ವಕೀಲರು ವಾದದ ಮಧ್ಯೆ ತಟ್ಟನೆ ನಿಂತು ಡಾಕ್ಟರನ್ನೇ ದಿಟ್ಟಿಸಿದರು.

“ಡಾಕ್ಟ್ರೇ, ನೀವು ಇಲ್ಲೇ ಇದೀರಲ್ಲ?”

“ಇದೀನಿ.”

“ಹಾಗಾದ್ರೆ ಹಲ್ಲು ಕೊರೀತಿರೋದು ಯಾರು?”

ಸದ್ದು ಒಳಗಿನಿಂದ ಬರುತ್ತಿರಲಿಲ್ಲ, ಮೇಲಿನಿಂದ ಬರುತ್ತಿತ್ತು. ಎಲ್ಲರೂ ಹೊರಗೆ ಓಡಿದರು. ಫುಟ್‌ಪಾತಿನಲ್ಲಿ ಬೋರ್ಡಿರಲಿಲ್ಲ. ಅದರ ಕಾಲು ನೆಟ್ಟಿದ್ದ ಎರಡು ಗುಳಿಗಳಿದ್ದವು, ಪಕ್ಕದಲ್ಲಿ ‘ಒಬೇ’ ಎಂದು ಬರೆದ ತಗಡಿನ ತುಂಡೊಂದು ಅಂಗಾತ ಬಿದ್ದಿತ್ತು. ವಕೀಲರ ನಾಯಿ ಅದರ ಮೇಲೆ ಮಲಗಿತ್ತು.

ನಡೆದದ್ದು ಇಷ್ಟು. ವೆಲ್ಡಿಂಗ್‌ನವನು ಬೆಳಿಗ್ಗೆ ಬೋರ್ಡು ಬಿಚ್ಚಿ ಪೈಪು ಕೈಯಲ್ಲಿ ಹಿಡಿದು “ಇದನ್ನ ಎಲ್ಲಿ ಇಡ್ಲಿ?” ಎಂದು ಕೂಗಿದ್ದಾನೆ. ಸಭೆಯವರಿಗೆ ಕೇಳಿಸಿಲ್ಲ. ಕಿಟಕಿಗೆ ಕೇಳಿಸಿದೆ.

“ಮೇಲೆ ತಗೊಂಬಾಪ್ಪಾ,” ಎಂದಿದ್ದಾರೆ ಹೆಂಡತಿ. “ಮೊದ್ಲು ಎಲ್ಲಿಗೆ ಅಂತ ತಂದಿದ್ಯೋ ಅಲ್ಲಿಗೆ.”

“ಸಾರ್ ಸೋಮವಾರ ಅಂದಿದ್ರಲ್ಲಮ್ಮಾ?”

“ಸಾರ್ ಹೇಳಿದ್ದ ಸೋಮವಾರ ನಿನ್ನ ಕ್ಯಾಲೆಂಡರಿನಲ್ಲಿ ಇಲ್ಲಪ್ಪಾ. ಕರೆಂಟು ನಮ್ಮನೆಯಿಂದ ತಗೋ, ಬಾ.”

ಈಗ ಎಲ್ಲರೂ ಎರಡನೇ ಮಹಡಿಗೆ ಏದುಸಿರು ಬಿಡುತ್ತಾ ಹತ್ತಿ ನೋಡುತ್ತಾರೆ: ನುಣುಪು ಗೋಡೆಯ ಎದುರು, ಬರೀ ಗಾಳಿಯಿದ್ದ ಕಡೆ, ದಪ್ಪನೆಯ ಕಂಬಿ. ಅದನ್ನು ಬಲಗೈಯಲ್ಲಿ ಬಿಗಿಯಾಗಿ ಹಿಡಿದು, ಹೆಗಲಿಗೆ ಚೀಲ ಹಾಕಿಕೊಂಡು, ಒಂದೊಂದೇ ಮೆಟ್ಟಿಲು ಇಳಿದುಬರುತ್ತಿರುವ ಕನ್ನಡಕದವರ ಹೆಂಡತಿ. ಹಿಂದೆ ಡ್ರಿಲ್ಲು ಹಿಡಿದ ವೆಲ್ಡಿಂಗ್‌ನವನು.

“ಅಳಿಯಂದಿರು ಫೋನ್ ಮಾಡಿದ್ರು,” ಎಂದರು ಆಕೆ. “ಮಗಳಿಗೆ ನೋವು ಶುರುವಾಗಿದೆ, ಆಸ್ಪತ್ರೆಗೆ ಸೇರ್ಸಿದಾರೆ. ನಿಮಗೆ ಮಾಡಿ ಮಾಡಿ ಸಾಕಾಯ್ತು.”

ಕನ್ನಡಕದವರು ಜೇಬಿಗೆ ಕೈಹಾಕಿದರು. ಅಲ್ಲಿ ಫೋನು ಸದ್ದಿಲ್ಲದೆ ನಡುಗಿ ನಡುಗಿ ಸುಸ್ತಾಗಿತ್ತು.

ಆಟೋ ಕರೆಯಲು ವಕೀಲರು ಓಡಿದರು. ಭಾನುವಾರ, ಒಂದೂ ಇಲ್ಲ. ಆಗ ಡಾಕ್ಟರು, “ಬನ್ನಿ ಅಕ್ಕಾ, ಕಾರು ಗೇಟಿನ ಮುಂದೇ ಇದೆ,” ಎಂದರು. ನಿಯಮದಂತೆ ಹಿಂದಿನ ಓಣಿಯಲ್ಲಿ ನಿಲ್ಲಿಸಿದ್ದರೆ ತೆಗೆಯುವುದಕ್ಕೇ ಕಾಲು ಗಂಟೆ ಬೇಕಿತ್ತು. ಮುರಿದ ನಿಯಮವೊಂದು ಹೀಗೆ ಕೈಹಿಡಿದದ್ದು ಎಲ್ಲರಿಗೂ ಕಂಡಿತು.

ಆಕೆ ಕಾರು ಹತ್ತಿದರು. ಪಕ್ಕದಲ್ಲಿ ಟೀಚರಮ್ಮ ಯಾರೂ ಕರೆಯದೆಯೇ ಹತ್ತಿ ಕೂತರು. ಕನ್ನಡಕದವರೂ ಒಂದು ಕಾಲು ಒಳಗಿಟ್ಟರು. ಹೆಂಡತಿ ಅವರನ್ನು ಒಮ್ಮೆ ಮೇಲಿಂದ ಕೆಳಗೆ, ದೊಡ್ಡಕ್ಷರದಿಂದ ಚಿಕ್ಕಕ್ಷರದವರೆಗೆ ಓದುವಂತೆ ನೋಡಿದರು.

“ನಿಮಗೆ ಸಭೆ ಇದೆಯಲ್ಲ. ಮುಗಿಸ್ಕೊಂಡು ನಿಧಾನಕ್ಕೆ ಬನ್ನಿ. ಸೋಮವಾರ.”

ಬಾಗಿಲು ಮುಚ್ಚಿತು, ಕಾರು ಹೋಯಿತು. ಆ ಮಾತನ್ನು ಅವರು ಸಾವಿರ ಜನಕ್ಕೆ ಹೇಳಿದ್ದರು. ಹೇಳಿಸಿಕೊಂಡರೆ ಹೀಗಿರುತ್ತದೆ ಎಂದು ಗೊತ್ತಿರಲಿಲ್ಲ. ಅವರಿಗೆ ಅಳು ಬಂತು. ಆದರೆ ಅಳಲು ಪುರುಸೊತ್ತಿರಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ಕಾರಿನ ಹಿಂದೆಯೇ ಓಡಿದರು. ಅವರು ಓಡುವುದನ್ನು ಆ ರಸ್ತೆ ಅವತ್ತೇ ಮೊದಲು ನೋಡಿದ್ದು. ಕನ್ನಡಕ ಕೇಳಲು ಬರುತ್ತಿದ್ದ ಗಿರಾಕಿಯೊಬ್ಬ ಎದುರಾಗಿ, ತನ್ನನ್ನು ಕಂಡೇ ಓಡುತ್ತಿದ್ದಾರೆಂದು ತಿಳಿದು ಸ್ವಲ್ಪ ದೂರ ಅಟ್ಟಿಸಿಕೊಂಡೂ ಹೋದ.

ಮಗಳು ಹೆತ್ತಳು, ಹೆಣ್ಣುಮಗು. ಅಮ್ಮನ ಕೈ ಹಿಡಿದೇ ಒಳಗೆ ಹೋದಳಂತೆ. ಕನ್ನಡಕದವರು ತಲುಪುವಾಗ ಮಗು ಆಗಲೇ ಅಳುತ್ತಿತ್ತು.

ಇತ್ತ ಉಳಿದವರು ಸಭೆ ಮುಗಿಸದೆ ಏಳಲಿಲ್ಲ. ‘ಮೂರನೇ ಮಹಡಿಯ ಕಂಬಿಯ ವಿಷಯದಲ್ಲಿ ಕಾರ್ಯದರ್ಶಿಗಳು ಕೊಟ್ಟ ಮಾತನ್ನು ಉಳಿಸಿಕೊಂಡದ್ದಕ್ಕೆ ಸಂಘ ಹರ್ಷ ವ್ಯಕ್ತಪಡಿಸುತ್ತದೆ’ ಎಂದು ಸರ್ವಾನುಮತದ ಠರಾವಾಯಿತು. ಅದನ್ನು ಇಂಗ್ಲಿಷಿನಲ್ಲಿ ಬರೆಯೋಣವೆಂದು ವಕೀಲರು ಸೂಚಿಸಿದರು. ‘ಮಾತು ಉಳಿಸಿಕೊಂಡರು’ ಎಂಬುದಕ್ಕೆ ಯಾವ ಪದ ಹಾಕುವುದೆಂದು ಜಗಳ ಹತ್ತಿ, ಠರಾವು ಇನ್ನೂ ಬರೆದಾಗಿಲ್ಲ.

ಕೆಲವು ದಿನ ಬಿಟ್ಟು ಹೆಂಡತಿ ಮನೆಗೆ ಮರಳಿದರು. ಬೆಳಗಿನ ಹೊತ್ತು. ಮುಂದೆ ಆಕೆ, ಹಿಂದೆ ಚೀಲ ಹೊತ್ತ ಗಂಡ. ಕಂಬಿ ಹಿಡಿದು ಮಂಡಿಗೆ ನೋವಾಗದಂತೆ ಹತ್ತಿ, ಮನೆ ಬಾಗಿಲಿಗೆ ಬಂದಾಗ ಆಕೆ ನಿಂತರು. ಕಂಬಿಯ ಮೇಲ್ತುದಿ ಬಾಗಿಲ ಪಕ್ಕದ ಗೋಡೆಗೆ ಸೇರುವ ಜಾಗದಲ್ಲಿ, ಬಿಗಿಯಾಗಿ ಕೂರಲೆಂದು ವೆಲ್ಡಿಂಗ್‌ನವನು ಹಳದಿ ತಗಡಿನ ಒಂದು ತುಂಡನ್ನು ಕತ್ತರಿಸಿ ಹಾಕಿದ್ದ. ಅದರ ಮೇಲೆ ಇರುವೆಸಾಲಿನಂಥ ಅಕ್ಷರ.

“ಏನ್ರೀ ಇದು, ಇಷ್ಟು ಚಿಕ್ಕದಾಗಿ ಏನೋ ಬರ್ದಿದೆ? ಓದ್ರಿ ಸ್ವಲ್ಪ.”

ಕನ್ನಡಕದವರು ಚೀಲ ಇಳಿಸಿ ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು. ಕಿವಿ ಕೆಂಪಾಯಿತು.

“ಕಾಣಿಸ್ತಿಲ್ಲ ಕಣೇ.”

“ಕೊನೇ ಸಾಲು ಕಾಣಿಸ್ತಿಲ್ವಾ? ಹಾಗಾದ್ರೆ ನಂಬರ್ ಬದಲಾಗಿದೆ. ಅಂಗಡೀಲಿ ಎಲ್ಲರಿಗೂ ಹೇಳ್ತೀರಲ್ಲ, ನೀವೂ ಹೊಸ ಕನ್ನಡಕ ಮಾಡಿಸ್ಕೊಳ್ಳಿ.”

“ಆಗ್ಲಿ, ಮಾಡಿಸ್ಕೋತೀನಿ.”

“ಯಾವಾಗ?”

ಮಾತು ನಾಲಿಗೆ ತುದಿಗೆ ಬಂದೇಬಿಟ್ಟಿತ್ತು. ಕನ್ನಡಕದವರು ಅದನ್ನು ನುಂಗಿದರು. ಕಂಬಿ ಹಿಡಿದು ನಿಂತಿದ್ದ ಹೆಂಡತಿಯ ಕೈ ನೋಡಿದರು.

“ಇವತ್ತೇ,” ಎಂದರು.

ಆಕೆ ನಂಬದೆ ಹುಬ್ಬೇರಿಸಿದರು. “ಇವತ್ತಾ? ಇವತ್ತು ಯಾವ ವಾರ?”

ಕನ್ನಡಕದವರು ಬೆರಳು ಮಡಿಸಿ ಲೆಕ್ಕ ಹಾಕಿದರು. ಮತ್ತೊಮ್ಮೆ ಹಾಕಿದರು. ಆಮೇಲೆ ತಪ್ಪು ಮಾಡಿ ಸಿಕ್ಕಿಬಿದ್ದವರ ದನಿಯಲ್ಲಿ ಹೇಳಿದರು:

“ಸೋಮವಾರ.”